ಕನ್ನಡನಾಡಿನ ಬಾಣಂತನ: ಶಾಸ್ತ್ರದಿಂದ ಮನೆಮದ್ದಿನವರೆಗೆ

ಹೆರಿಗೆಯಾದ ಹೆಣ್ಣಿನ ದೇಹ ಮೊದಲಿನ ಬಲಕ್ಕೆ ಮರಳುವವರೆಗೆ ಅವಳಿಗೆ ಸಲ್ಲುವ ಪಥ್ಯ, ಮದ್ದು, ಎಣ್ಣೆನೀರು ಮತ್ತು ವಿಶ್ರಾಂತಿಗಳೆಲ್ಲ ಕನ್ನಡನಾಡಿನಲ್ಲಿ ಬಾಣಂತನದ ಅಂಗಗಳಾಗಿವೆ. ಈ ಆರೈಕೆಯ ಮೂಲತತ್ತ್ವಗಳು ಚರಕ, ಸುಶ್ರುತ ಸಂಹಿತೆಗಳಲ್ಲಿಯೇ ದೊರೆಯುತ್ತವೆಯಾದರೂ ಮನೆಮನೆಗಳಲ್ಲಿ ನಡೆದುಬಂದ ಬಾಣಂತನವನ್ನು ಆ ಗ್ರಂಥಗಳ ನಕಲೆಂದು ತಿಳಿಯಲಾಗದು. ಹೆತ್ತ ದೇಹದಲ್ಲಿ ವಾಯು ಕೆರಳುತ್ತದೆಂಬ ಒಂದು ತಿಳಿವಳಿಕೆಯನ್ನು ತಳಹದಿಯಾಗಿಸಿಕೊಂಡು ಮಲೆನಾಡು, ಕರಾವಳಿ ಮತ್ತು ಬಯಲುಸೀಮೆಗಳು ತಮ್ಮ ತಮ್ಮ ನೆಲದ ಬೆಳೆಗಳಿಂದ ಹಲವು ಬಗೆಯ ಬಾಣಂತನಗಳನ್ನು ರೂಪಿಸಿಕೊಂಡವು.

ಆಯುರ್ವೇದದಲ್ಲಿ ಹೆರಿಗೆಯಾದವಳನ್ನು ‘ಸೂತಿಕಾ’ ಎಂದು ಕರೆಯಲಾಗಿದೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದ ಪ್ರಕಾರ, ಅವಳಿಗೆ ಹಸಿವಾದಾಗ ತುಪ್ಪ, ಎಣ್ಣೆ ಮೊದಲಾದ ಜಿಡ್ಡುಗಳಲ್ಲಿ ಅವಳ ದೇಹಕ್ಕೆ ಒಗ್ಗುವುದನ್ನು ಹಿಪ್ಪಲಿ, ಹಿಪ್ಪಲಿ ಬೇರು, ಚವ್ಯ, ಚಿತ್ರಮೂಲ ಮತ್ತು ಶುಂಠಿಯ ಪುಡಿಯೊಡನೆ ಕುಡಿಸಬೇಕು. ಈ ಐದು ದ್ರವ್ಯಗಳ ಕೂಟಕ್ಕೆ ‘ಪಂಚಕೋಲ’ವೆಂಬ ಹೆಸರಿದ್ದು, ಜೀರ್ಣಶಕ್ತಿಯನ್ನು ಹೆಚ್ಚಿಸುವುದು ಇದರ ಮುಖ್ಯ ಗುಣವೆಂದು ವೈದ್ಯರು ಭಾವಿಸಿದ್ದರು. ಬಳಿಕ ಹೊಟ್ಟೆಗೆ ತುಪ್ಪ ಮತ್ತು ಎಣ್ಣೆಯನ್ನು ಸವರಿ ಅಗಲವಾದ ಬಟ್ಟೆಯಿಂದ ಬಿಗಿಯಾಗಿ ಸುತ್ತಬೇಕು. ಹಾಗೆ ಮಾಡಿದರೆ ಮಗು ಹೊರಬಂದು ತೆರವಾದ ಉದರದಲ್ಲಿ ವಾಯುವಿಗೆ ಎಡೆ ದೊರೆಯದೆ ವಿಕಾರಗಳು ಹುಟ್ಟುವುದಿಲ್ಲವೆಂಬುದು ಗ್ರಂಥವು ಕೊಡುವ ಕಾರಣ. ಜಿಡ್ಡು ಅರಗಿದ ಮೇಲೆ ಗಂಜಿ, ಐದು ಅಥವಾ ಏಳು ರಾತ್ರಿಗಳು ಕಳೆದ ಮೇಲೆ ಕ್ರಮಕ್ರಮವಾಗಿ ಪುಷ್ಟಿಕರವಾದ ಆಹಾರ ಎಂಬ ಅನುಕ್ರಮವೂ ಅಲ್ಲಿದೆ.

ಸುಶ್ರುತಸಂಹಿತೆಯು ಬಲಾ ಎಂಬ ಮೂಲಿಕೆಯಿಂದ ಕಾಯಿಸಿದ ಎಣ್ಣೆಯ ಅಭ್ಯಂಗವನ್ನೂ ವಾತವನ್ನು ಶಮನಗೊಳಿಸುವ ಕಷಾಯಗಳನ್ನೂ ಹೇಳಿ, ಕೆಟ್ಟ ರಕ್ತವು ಒಳಗೆ ಉಳಿದಂತೆ ಕಂಡರೆ ಹಿಪ್ಪಲಿ, ಚಿತ್ರಮೂಲ, ಶುಂಠಿ ಮೊದಲಾದವುಗಳ ಪುಡಿಯನ್ನು ಬಿಸಿ ಬೆಲ್ಲದ ನೀರಿನಲ್ಲಿ ಕೊಡಬೇಕೆನ್ನುತ್ತದೆ. ಪಥ್ಯದ ಅವಧಿಯನ್ನು ಒಂದೂವರೆ ತಿಂಗಳೆಂದು ಗೊತ್ತುಪಡಿಸುತ್ತದೆ. ಒಣಭೂಮಿಯಲ್ಲಿ ಹುಟ್ಟಿಬೆಳೆದ ಹೆಂಗಸಿಗೆ ತುಪ್ಪ ಅಥವಾ ಎಣ್ಣೆಯನ್ನು ಕುಡಿಸಬೇಕೆಂದು ಪ್ರತ್ಯೇಕವಾಗಿ ಹೇಳಿರುವುದರಿಂದ, ನೆಲದ ಗುಣಕ್ಕೆ ತಕ್ಕಂತೆ ಬಾಣಂತನವೂ ಬದಲಾಗಬೇಕೆಂಬ ಅರಿವು ಆ ಕಾಲಕ್ಕೇ ಇತ್ತೆಂಬುದು ಸ್ಪಷ್ಟವಾಗುತ್ತದೆ. ತಾಯಿ ಮತ್ತು ಶಿಶುಗಳ ವೈದ್ಯಕ್ಕೇ ಮೀಸಲಾದ, ನೇಪಾಳದಲ್ಲಿ ದೊರೆತ ಹಸ್ತಪ್ರತಿಯ ಆಧಾರದ ಮೇಲೆ 1938ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯು ಇನ್ನೂ ಮುಂದೆ ಹೋಗಿ, ದೇಶದ ರೂಢಿಯನ್ನೂ ಕುಲದ ರೂಢಿಯನ್ನೂ ನೋಡಿಕೊಂಡು ಸೂತಿಕೆಯನ್ನು ಉಪಚರಿಸಬೇಕೆಂದು ವಿಧಿಸುತ್ತದೆ. ಹೀಗೆ ಶಾಸ್ತ್ರವೇ ಬಿಟ್ಟುಕೊಟ್ಟ ಅವಕಾಶದಲ್ಲಿ ಪ್ರಾದೇಶಿಕ ಪದ್ಧತಿಗಳು ಬೆಳೆದವು.

ಕರ್ನಾಟಕದ ವೈದ್ಯಪರಂಪರೆ ಈ ಅವಕಾಶವನ್ನು ಬಳಸಿಕೊಂಡ ರೀತಿಯಲ್ಲಿ ಜೈನ ವೈದ್ಯರ ಪಾತ್ರ ಗಮನಾರ್ಹವಾಗಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ವೂ, 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ಕನ್ನಡದಲ್ಲಿ ಬರೆದ ‘ಕರ್ನಾಟಕ ಕಲ್ಯಾಣಕಾರಕ’ವೂ ಮದ್ಯಮಾಂಸಗಳನ್ನು ಬಿಟ್ಟು ಚಿಕಿತ್ಸೆಯನ್ನು ನಿರೂಪಿಸಿದವು. ಸುಶ್ರುತನು ಬಾಣಂತಿಗೆ ಮಾಂಸರಸವನ್ನು ಹೇಳಿದ್ದನಾದ್ದರಿಂದ, ಸಸ್ಯಾಹಾರದ ಮನೆಗಳಲ್ಲಿ ಅದರ ಸ್ಥಾನವನ್ನು ತುಪ್ಪ, ಬೆಲ್ಲ, ಕಾಳು ಮತ್ತು ಬೀಜಗಳು ತುಂಬಬೇಕಾಯಿತು. ಮಾಂಸಾಹಾರದ ಮನೆಗಳಲ್ಲಿಯಾದರೋ ನಾಟಿಕೋಳಿಯ ಸಾರೂ ಕಾಲುಸೂಪೂ ಬಾಣಂತಿಯ ಆಹಾರವಾಗಿ ಮುಂದುವರಿದವು.

ಮನೆಯ ಮದ್ದುಗಳನ್ನು ಪರಿಶೀಲಿಸಿದರೆ ನೆಲದ ವ್ಯತ್ಯಾಸ ಎದ್ದುಕಾಣುತ್ತದೆ. ಮೆಣಸು ಮತ್ತು ಶುಂಠಿ ಬೆಳೆಯುವ ಮಲೆನಾಡಿನಲ್ಲಿ ಮೆಣಸಿನ ಸಾರು, ಜೀರಿಗೆ ಹಾಗೂ ಬೆಳ್ಳುಳ್ಳಿಯ ಲೇಹ್ಯಗಳು, ಅಂದರೆ ಬೆಲ್ಲದ ಪಾಕದಲ್ಲಿ ದ್ರವ್ಯಗಳನ್ನು ಕುದಿಸಿ ತುಪ್ಪ ಬೆರೆಸಿ ನೆಕ್ಕಲು ಬರುವಂತೆ ಗಟ್ಟಿಮಾಡಿದ ಮದ್ದುಗಳು, ಪ್ರಧಾನವಾದವು. ತೆಂಗು ಹೇರಳವಾಗಿರುವ ಕರಾವಳಿಯಲ್ಲಿ ಕಾಯಿಹಾಲು ಮತ್ತು ಬೆಲ್ಲ ಬೆರೆತ ಮೆಂತೆ ಗಂಜಿ ರೂಢಿಗೆ ಬಂದಿತು. ಉತ್ತರದ ಬಯಲುಸೀಮೆಯಲ್ಲಿ ಒಣಕೊಬ್ಬರಿ, ಉತ್ತತ್ತಿ, ಅಳ್ವಿ ಬೀಜ ಮತ್ತು ತುಪ್ಪದಲ್ಲಿ ಹುರಿದರೆ ಅರಳುವ ಮರದ ಅಂಟು ಸೇರಿದ ಅಂಟಿನುಂಡೆ ಬಾಣಂತಿಯ ಮುಖ್ಯ ತಿನಿಸಾಯಿತು. ಎದೆಹಾಲು ಹೆಚ್ಚಲೆಂದು ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿಗಳನ್ನೂ, ಹೊಟ್ಟೆಯುಬ್ಬರ ಇಳಿಯಲೆಂದು ಓಮವನ್ನೂ ಕೊಡುವುದು ಎಲ್ಲೆಡೆ ಸಮಾನವಾಗಿತ್ತು. ಬಿಲ್ವ, ಶಿವನೆ ಮೊದಲಾದ ಐದು ಮರಗಳ ಮತ್ತು ನೆಗ್ಗಿಲು ಮೊದಲಾದ ಐದು ಗಿಡಗಳ ಬೇರುಗಳು ಸೇರಿದ ದಶಮೂಲದ ಕಷಾಯವು ಪಂಡಿತರ ಮದ್ದಾಗಿ ಹೊರಗಿನಿಂದ ಬರುತ್ತಿತ್ತು. ಅದರಿಂದಲೇ ತಯಾರಾಗುವ ದಶಮೂಲಾರಿಷ್ಟವು ಇಂದು ಔಷಧದ ಅಂಗಡಿಗಳಲ್ಲಿ ಸೀಸೆಗಳಲ್ಲಿ ದೊರೆಯುತ್ತದೆ.

ಈ ಅಡುಗೆಯ ಪ್ರಾಚೀನತೆಗೆ ಖಾರದ ಆಯ್ಕೆಯೇ ಒಂದು ಸಾಕ್ಷ್ಯ. ಅಮೆರಿಕ ಖಂಡದ ಮೂಲದ ಮೆಣಸಿನಕಾಯಿ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದು, ಕಾಲಾನಂತರ ಕನ್ನಡನಾಡಿನ ನಿತ್ಯದ ಅಡುಗೆಯಲ್ಲಿ ಕಾಳುಮೆಣಸಿನ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿತು. ಬಾಣಂತಿಯ ಪಥ್ಯ ಮಾತ್ರ ಈ ಬದಲಾವಣೆಗೆ ಒಳಗಾಗದೆ ಕಾಳುಮೆಣಸನ್ನೂ ಒಣಶುಂಠಿಯನ್ನೂ ಉಳಿಸಿಕೊಂಡಿತು. ಅದೇ ಖಂಡದಿಂದ ಬಂದ ಆಲೂಗಡ್ಡೆಯನ್ನು ಅನೇಕ ಮನೆಗಳಲ್ಲಿ ವಾಯುಕಾರಕವೆಂದು ಬಾಣಂತಿಗೆ ವರ್ಜಿಸಲಾಯಿತು.

ಹೊರಗಿನ ಉಪಚಾರಗಳಲ್ಲಿ ಶಾಖವೇ ಮುಖ್ಯವಾದುದು. ಹರಳೆಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಮೈಗೆ ತಿಕ್ಕಿ, ಲಕ್ಕಿ ಅಥವಾ ಬೇವಿನ ಸೊಪ್ಪು ಹಾಕಿ ಹಂಡೆಯಲ್ಲಿ ಕಾಯಿಸಿದ ನೀರನ್ನು ಬೆನ್ನು ಸೊಂಟಗಳ ಮೇಲೆ ಎರೆಯುವುದು, ಆಮೇಲೆ ಸಾಂಬ್ರಾಣಿಯ ಹೊಗೆ ಕೊಟ್ಟು ಕಿವಿಗೆ ಗಾಳಿ ತಾಕದಂತೆ ತಲೆಗೆ ಬಟ್ಟೆ ಕಟ್ಟಿ ಬೆಚ್ಚಗೆ ಮಲಗಿಸುವುದು ವಾಡಿಕೆಯಾಗಿತ್ತು. ಉತ್ತರ ಕರ್ನಾಟಕದಲ್ಲಿ ಹೊರಸಿನ ಕೆಳಗೆ ಕೆಂಡದ ಶೇಗಡಿಯನ್ನಿಟ್ಟು ತಾಯಿಗೂ ಮಗುವಿಗೂ ಕಾವು ಕೊಡುತ್ತಿದ್ದರು.

ಇದನ್ನೆಲ್ಲ ನಡೆಸಿದವರು ತವರಿನ ಹಿರಿಯ ಹೆಂಗಸರು ಮತ್ತು ಹೆರಿಗೆ ಮಾಡಿಸುವ ಸೂಲಗಿತ್ತಿಯರು. ಬರೆದಿಡದೆ ಕೈಯಿಂದ ಕೈಗೆ ದಾಟಿದ ಇವರ ವಿದ್ಯೆಗೆ ರಾಷ್ಟ್ರಮಟ್ಟದ ಮನ್ನಣೆ ಬಂದುದು ತೀರ ತಡವಾಗಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಆದರೆ ಈ ವಿದ್ಯೆಗೆ ಮಿತಿಯೂ ಇತ್ತು. ಹೆರಿಗೆಯ ನಂತರದ ಜ್ವರವು ಸೋಂಕಿನಿಂದ ಬರುತ್ತದೆಂಬುದು ತಿಳಿಯದಿದ್ದ ಕಾಲದಲ್ಲಿ ‘ಬಾಣಂತಿ ಸನ್ನಿ’ ಎಂದು ಕರೆಯಲಾದ ಜ್ವರ, ನಡುಕ, ಬಡಬಡಿಕೆಗಳಿಗೆ ಶೀತವನ್ನೋ ದೃಷ್ಟಿಯನ್ನೋ ಕಾರಣವೆಂದು ಹೇಳಲಾಗುತ್ತಿತ್ತು, ಮತ್ತು ಅಂತಹ ಸೋಂಕನ್ನು ತಡೆಯುವ ಶಕ್ತಿ ಲೇಹ್ಯಕ್ಕಾಗಲಿ ಹೊಗೆಗಾಗಲಿ ಇರಲಿಲ್ಲ. ಭಾರತದ ಸ್ತ್ರೀಯರಿಗೆ ವೈದ್ಯಕೀಯ ನೆರವು ಒದಗಿಸಲು 1885ರಲ್ಲಿ ಆರಂಭವಾದ ಡಫರಿನ್ ನಿಧಿಯೂ, ಮೈಸೂರು ಸಂಸ್ಥಾನದಲ್ಲಿ 1935ರಲ್ಲಿ ಬೆಂಗಳೂರಿನಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆಯೂ ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ಸಾಗಿಸಿದ ದೀರ್ಘ ಪರಿವರ್ತನೆಯ ಮುಖ್ಯ ಹಂತಗಳಾಗಿವೆ.

ಹೆರಿಗೆ ಆಸ್ಪತ್ರೆಗೆ ಹೋದರೂ ಬಾಣಂತನ ಮನೆಯಲ್ಲಿಯೇ ಉಳಿಯಿತು. ಅಷ್ಟೇ ಅಲ್ಲ, ಅದರ ಒಂದು ಅಂಶ ಸರ್ಕಾರದ ಯೋಜನೆಯನ್ನೂ ಸೇರಿತು. ಬಡಕುಟುಂಬದ ತಾಯಂದಿರಿಗಾಗಿ ಕರ್ನಾಟಕ ಸರ್ಕಾರವು 2007ರಲ್ಲಿ ಆರಂಭಿಸಿದ ‘ಮಡಿಲು’ ಯೋಜನೆಯ ಕಿಟ್ಟಿನಲ್ಲಿ ಸಾಬೂನು, ಸೊಳ್ಳೆಪರದೆ, ಮಗುವಿನ ಬಟ್ಟೆಗಳ ಜೊತೆಗೆ ತಾಯಿಯ ಹೊಟ್ಟೆಗೆ ಕಟ್ಟುವ ಬಟ್ಟೆಯೂ ಇತ್ತು. ಇನ್ನೊಂದೆಡೆ, ಪಥ್ಯದ ಅತಿರೇಕ ಹೊಸ ಕಾಲದಲ್ಲಿ ಹೊಸ ಅಪಾಯವನ್ನು ತಂದಿತು. ಬೇಳೆ, ತರಕಾರಿ, ಹಣ್ಣುಗಳನ್ನು ನಂಜೆಂದು ಬಿಡಿಸಿ, ಗಿರಣಿಯಲ್ಲಿ ಪಾಲಿಶ್ ಆದ ಬಿಳಿ ಅಕ್ಕಿಯ ಅನ್ನವನ್ನೇ ಹೆಚ್ಚಾಗಿ ಉಣಿಸಿದಾಗ ತಾಯಿಯ ಹಾಲಿನಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಕಡಿಮೆಯಾಗಿ ಎಳೆಯ ಶಿಶುಗಳ ಹೃದಯ ಮತ್ತು ಶ್ವಾಸಕೋಶಗಳಿಗೆ ತೊಂದರೆಯಾಗುವುದನ್ನು ಕರ್ನಾಟಕದ ವೈದ್ಯರು ಗುರುತಿಸಿದ್ದಾರೆ. ತೌಡು ಉಳಿಯುವಂತೆ ಮನೆಯಲ್ಲಿಯೇ ಕುಟ್ಟಿದ ಅಕ್ಕಿಯನ್ನು ಉಣ್ಣುತ್ತಿದ್ದ ಕಾಲಕ್ಕೆ ಹೊಂದಿದ್ದ ಕಟ್ಟುನಿಟ್ಟು, ಅಕ್ಕಿ ಬದಲಾದ ಮೇಲೂ ಬದಲಾಗದೆ ಉಳಿದುದರಿಂದ ಈ ಕೊರತೆ ಇನ್ನಷ್ಟು ತೀವ್ರವಾಯಿತು. ನೀರನ್ನು ಅಳೆದು ಕೊಡುವುದು, ಗಾಳಿಯಾಡದ ಕೋಣೆಯಲ್ಲಿ ಕೆಂಡ ಉರಿಸುವುದು ಇವೂ ಇದೇ ಬಗೆಯ ಮರುಪರಿಶೀಲನೆಗೆ ಒಳಗಾಗಬೇಕಾದ ರೂಢಿಗಳು.

ಆದ್ದರಿಂದ ಬಾಣಂತನವನ್ನು ಇಡಿಯಾಗಿ ಮೆಚ್ಚುವುದಾಗಲಿ ತಳ್ಳಿಹಾಕುವುದಾಗಲಿ ಅದರ ಚರಿತ್ರೆಗೆ ಹೊಂದುವುದಿಲ್ಲ. ದುಡಿಮೆಯಿಂದ ಬಿಡುವು, ಬೆಚ್ಚನೆಯ ಊಟ, ತುಪ್ಪ ಮತ್ತು ಕಾಳುಗಳ ಪುಷ್ಟಿ, ಅನುಭವಸ್ಥರ ಆಸರೆ ಇವು ಯಾವ ಕಾಲದ ತಾಯಿಗೂ ಬೇಕಾದವು; ನಿಷೇಧಗಳ ಪಟ್ಟಿಯಾದರೋ ಆಯಾ ಕಾಲದ, ಆಯಾ ನೆಲದ ಆಹಾರವನ್ನು ನೋಡಿ ಮಾಡಿದ್ದು. ದೇಶವನ್ನೂ ದೇಹವನ್ನೂ ನೋಡಿ ಉಪಚರಿಸಬೇಕೆಂದ ಹಳೆಯ ಗ್ರಂಥಗಳ ಮಾತನ್ನು ಒಪ್ಪಿದವರಿಗೆ, ಬದಲಾದ ಆಹಾರಕ್ಕೆ ತಕ್ಕಂತೆ ಆ ಪಟ್ಟಿಯನ್ನು ತಿದ್ದುವುದೂ ಪರಂಪರೆಯನ್ನು ಪಾಲಿಸುವ ಕ್ರಮವೇ ಆಗುತ್ತದೆ.