ಎರಡು ಸಲ ಕಾಯಿಸಿದ ಹಾಲು

‘ವಿಷಾಹಾರ ಸೇವಿಸಿ ಹಲವರು ಅಸ್ವಸ್ಥ.’ ಈ ತಲೆಬರಹದ ಸುದ್ದಿ ಎಷ್ಟು ಸಲ ಕಳಿಸಿದ್ದೇನೋ ನನಗೇ ನೆನಪಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸುತ್ತುವ ನಮ್ಮಂಥವರಿಗೆ ಮದುವೆ, ಜಾತ್ರೆಗಳ ಕಾಲ ಬಂತೆಂದರೆ ಇಂಥದ್ದೊಂದು ಸುದ್ದಿ ಇದ್ದದ್ದೇ. ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆಯ ಫೋಟೊ, ‘ಹಳಸಿದ ಆಹಾರವೇ ಕಾರಣ ಎನ್ನಲಾಗಿದೆ’ ಎಂಬ ಒಂದು ಸಾಲು, ಅಷ್ಟೇ.

ಕೆಲವು ವರ್ಷಗಳ ಹಿಂದೆ ಹುಣಸೂರಿನಿಂದ ಕೋಟೆ ಕಡೆಗೆ ಹೋಗುವ ದಾರಿಯ ಒಂದು ಊರಿನಲ್ಲಿ ನಾಮಕರಣದ ಊಟ ಮಾಡಿದವರು ಸಂಜೆಯೊಳಗೆ ವಾಂತಿ ಮಾಡಿಕೊಂಡರು. ಮಾರನೇ ದಿನದ ಹೊತ್ತಿಗೆ ಎಲ್ಲರೂ ಎದ್ದು ಓಡಾಡುತ್ತಿದ್ದರು. ನಾನು ಮಾಮೂಲಿ ಸಾಲು ಬರೆದೆ. ಅಡುಗೆಯವರು ಫೋನ್ ಮಾಡಿ, ‘ಹಾಲು ಒಡೆದಿರಲಿಲ್ಲ, ವಾಸನೆ ಇರಲಿಲ್ಲ, ಎರಡು ಸಲ ಕಾಯಿಸಿ ಪಾಯಸ ಮಾಡಿದ್ದೀನಿ ಸ್ವಾಮಿ’ ಎಂದರು. ಎಲ್ಲರೂ ಹೀಗೇ ಹೇಳುತ್ತಾರೆ ಅಂದುಕೊಂಡೆ. ಆ ಸೀಸನ್ ಅವರಿಗೆ ಒಂದು ಆರ್ಡರೂ ಸಿಗಲಿಲ್ಲ. ಪಾತ್ರೆ ತೊಳೆದಾಗಿತ್ತು, ಯಾರೂ ಮಾದರಿ ತೆಗೆದಿರಲಿಲ್ಲ. ಅಲ್ಲಿ ಆಗಿದ್ದೇನು ಎಂದು ಇವತ್ತಿಗೂ ಯಾರೂ ಹೇಳಲಾರರು. ಆದರೆ ಅವರು ಹೇಳಿದ ಮಾತು ಸುಳ್ಳಾಗಿರಬೇಕಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ, ಒಂದು ಹಳೆಯ ಕಥೆ ಓದಿದಾಗ.

ಆ ಕಥೆಯೂ ಹಾಲಿನದೇ. 1914ರಲ್ಲಿ ಎಂ.ಎ. ಬಾರ್ಬರ್ ಎಂಬ ಅಮೆರಿಕದ ವಿಜ್ಞಾನಿ ಫಿಲಿಪೈನ್ಸ್‌ನಲ್ಲಿದ್ದರು. ಅಲ್ಲೊಂದು ಹಸುವಿನ ಹಾಲು ಕುಡಿದವರಿಗೆ ಮತ್ತೆ ಮತ್ತೆ ವಾಂತಿ, ಭೇದಿ. ನೋಡಿದರೆ ಹಸು ಆರೋಗ್ಯವಾಗಿಯೇ ಇತ್ತು. ಬಾರ್ಬರ್ ತಾವೇ ಕುಡಿದು ನೋಡಿದರು. ಆಗ ತಾನೇ ಕರೆದ ಹಾಲಿನಿಂದ ಏನೂ ಆಗಲಿಲ್ಲ. ಕರೆದು ಕೆಲವು ಗಂಟೆ ಹಾಗೇ ಹೊರಗಿಟ್ಟ ಹಾಲು ಕುಡಿದಾಗ ಮಲಗಿಬಿಟ್ಟರು. ಕೆಚ್ಚಲಿನಿಂದ ಬರುತ್ತಿದ್ದ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಆ ಸೆಕೆಯಲ್ಲಿ ಬೆಳೆದು ಏನನ್ನೋ ಹಾಲಿಗೆ ಬಿಡುತ್ತಿತ್ತು. ಅವರು ಇದನ್ನು ಬರೆದು ಪ್ರಕಟಿಸಿದರೂ ಹೆಚ್ಚಿನವರು ಗಮನ ಕೊಡಲಿಲ್ಲ.

ಹದಿನೈದು ವರ್ಷದ ನಂತರ, 1929ರ ಕ್ರಿಸ್‌ಮಸ್‌ಗೆ, ಕ್ರೀಮ್ ತುಂಬಿದ ಕೇಕ್ ತಿಂದ ಕೆಲವರು ಕಾಯಿಲೆ ಬಿದ್ದರು. ಶಿಕಾಗೊದ ಗೇಲ್ ಡ್ಯಾಕ್ ಮತ್ತು ಸಂಗಡಿಗರು ಆ ಕೇಕಿನ ಬ್ಯಾಕ್ಟೀರಿಯಾವನ್ನು ಸಾರಿನಂಥ ದ್ರವದಲ್ಲಿ ಬೆಳೆಸಿ, ಆಮೇಲೆ ಸೋಸಿ ಬ್ಯಾಕ್ಟೀರಿಯಾವನ್ನೆಲ್ಲ ತೆಗೆದುಹಾಕಿದರು. ಬರೀ ತಿಳಿಯನ್ನು ಸ್ವಯಂಸೇವಕರು ಕುಡಿದರು. ಅವರಿಗೂ ವಾಂತಿ. ಅಂದರೆ ಕಾಯಿಲೆ ತರಲು ಬ್ಯಾಕ್ಟೀರಿಯಾ ಬದುಕಿರಬೇಕೆಂದೇ ಇಲ್ಲ, ಅದು ಬಿಟ್ಟುಹೋದ ವಿಷ ಸಾಕು.

ಹಾಲು ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಈ ವಿಷ ಮಾತ್ರ ಕುದಿಯುವ ಶಾಖವನ್ನೂ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ, ಹೊಟ್ಟೆಯ ಜೀರ್ಣರಸಕ್ಕೂ ಜಗ್ಗುವುದಿಲ್ಲ. ಹಾಲಿಗೆ ಅದು ಕೆಚ್ಚಲಿನಿಂದಲೇ ಬರಬೇಕೆಂದೂ ಇಲ್ಲ. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಈ ಬ್ಯಾಕ್ಟೀರಿಯಾ ಇರುತ್ತದೆ, ಕೈಯ ಗಾಯದಲ್ಲೂ ಇರುತ್ತದೆ. ಬೆಂದ ಅಡುಗೆಗೆ ಕೈ ತಾಗಿ, ಅದು ಬೆಚ್ಚಗೆ ನಾಲ್ಕಾರು ಗಂಟೆ ಕೂತರೂ ಆಯಿತು. ರುಚಿ, ವಾಸನೆ, ಬಣ್ಣ ಯಾವುದೂ ಕೆಡಬೇಕಿಲ್ಲ.

ಇಷ್ಟು ಗಟ್ಟಿಯಾದ ವಸ್ತು ನೋಡಲು ಹೇಗಿದೆ? ಈ ಕುಟುಂಬದ ವಿಷಗಳಲ್ಲಿ ‘ಬಿ’ ಎಂದು ಹೆಸರಿಟ್ಟದ್ದು 239 ಅಮೈನೋ ಆಮ್ಲಗಳ ಒಂದು ಸರ. ಆ ಸರದ ಮಣಿಗಳ ಕ್ರಮವನ್ನು 1970ರ ಹೊತ್ತಿಗೆ ಮರ್ಲಿನ್ ಬರ್ಗ್‌ಡಾಲ್ ಗುಂಪು ಓದಿ ಮುಗಿಸಿತ್ತು. ಅದು ಮಡಚಿಕೊಂಡ ಆಕಾರ ಗೊತ್ತಾಗಿದ್ದು 1992ರಲ್ಲಿ, ಎಸ್. ಸ್ವಾಮಿನಾಥನ್ ಮತ್ತು ಅಮೆರಿಕದ ಸಹೋದ್ಯೋಗಿಗಳು ಎಕ್ಸ್‌-ರೇ ಹಾಯಿಸಿ ಅದರ ಹರಳನ್ನು ಪರೀಕ್ಷಿಸಿದಾಗ. ಬಿಗಿಯಾಗಿ ಸುತ್ತಿದ ಎರಡು ಉಂಡೆ ಒಂದಕ್ಕೊಂದು ಅಂಟಿಕೊಂಡಂತಿದೆ. ಸಡಿಲವಾಗಿ ನೇತಾಡುವ ಭಾಗ ಕಡಿಮೆ, ಹಾಗಾಗಿ ಶಾಖಕ್ಕೂ ಜೀರ್ಣರಸಕ್ಕೂ ಹಿಡಿತ ಸಿಗುವುದಿಲ್ಲ.

ಇದೇ ಅಣುವಿಗೆ ಇನ್ನೊಂದು ಕೆಲಸವೂ ಇದೆ. ಅದನ್ನು ಹೇಳಲು ಕಟ್ಟೆಮಳಲವಾಡಿಯ ತಂಬಾಕು ಹರಾಜು ನೆನಪಿಸಿಕೊಳ್ಳಿ. ರೈತ ಬೇಲು ಬಿಚ್ಚಿ ತೋರಿಸಬೇಕು, ಆ ದರ್ಜೆಯ ಎಲೆ ಬೇಕಾದವನು ಮಾತ್ರ ಬೆಲೆ ಕೂಗಬೇಕು. ನಮ್ಮ ದೇಹದಲ್ಲೂ ಹಾಗೇ. ಒಂದು ಜೀವಕೋಶ ಶತ್ರುವಿನ ತುಣುಕನ್ನು ತನ್ನ ಬೊಗಸೆಯಲ್ಲಿ ಹಿಡಿದು ತೋರಿಸುತ್ತದೆ, ಆ ತುಣುಕಿಗೆ ಹೊಂದುವ ಟಿ ಕೋಶ ಮಾತ್ರ ಎಚ್ಚರವಾಗುತ್ತದೆ. ಅಂಥವು ಹತ್ತು ಸಾವಿರಕ್ಕೊಂದು, ಅಥವಾ ಇನ್ನೂ ವಿರಳ. ಈ ವಿಷ ಬೊಗಸೆಗೆ ಇಳಿಯುವುದೇ ಇಲ್ಲ. ಹೊರಗಿನಿಂದ ಒಂದು ಕೈಯಲ್ಲಿ ತೋರಿಸುವವನನ್ನೂ ಇನ್ನೊಂದರಲ್ಲಿ ಟಿ ಕೋಶವನ್ನೂ ಹಿಡಿದು ಕಟ್ಟಿಹಾಕುತ್ತದೆ. ಬೇಲು ಬಿಚ್ಚದೆಯೇ ಹರಾಜು ಕಟ್ಟೆಯ ಐದರಲ್ಲೊಬ್ಬ ಕೂಗಲು ಶುರುಮಾಡಿದಂತೆ. 1989ರಲ್ಲಿ ಫಿಲಿಪ್ಪಾ ಮ್ಯಾರಕ್, ಜಾನ್ ಕ್ಯಾಪ್ಲರ್ ಗುಂಪು ಇಂಥವಕ್ಕೆ ಸೂಪರ್ ಆ್ಯಂಟಿಜನ್ ಎಂದು ಹೆಸರಿಟ್ಟಿತು. ವಿಷ ರಕ್ತಕ್ಕೆ ಇಳಿದರೆ ಈ ಗದ್ದಲವೇ ಜ್ವರ, ರಕ್ತದೊತ್ತಡ ಕುಸಿತ, ಕೆಲವೊಮ್ಮೆ ಸಾವು ತರುತ್ತದೆ. ಊಟದಲ್ಲಿ ಹೋದರೆ ಹೆಚ್ಚಾಗಿ ವಾಂತಿಯಲ್ಲೇ ಮುಗಿಯುತ್ತದೆ. ವಾಂತಿ ಬರಿಸುವ ಗುಣ ಬೇರೆ, ಟಿ ಕೋಶ ಕೆಣಕುವ ಗುಣ ಬೇರೆ. ಎರಡನ್ನೂ ಒಂದೇ ಎಂದು ಬರೆದರೆ ತಪ್ಪಾಗುತ್ತದೆ.

ಇದನ್ನು ಪತ್ತೆಹಚ್ಚುವ ವಿಧಾನಗಳ ಮೇಲೆ ನಮ್ಮ ಮೈಸೂರಿನಲ್ಲೇ ಕೆಲಸ ನಡೆದಿದೆ. 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದವರು ಇದಕ್ಕೆ ಕೋಳಿಮೊಟ್ಟೆ ಬಳಸಿದ್ದಾರೆ ಎಂದರೆ ನಗು ಬರಬಹುದು. ಮೊಲದಂಥ ಪ್ರಾಣಿಗಳಿಂದ ತೆಗೆದ ಪ್ರತಿಕಾಯಗಳಿಗೆ ಈ ಬ್ಯಾಕ್ಟೀರಿಯಾದ ಇನ್ನೊಂದು ಪ್ರೋಟೀನು ಸುಮ್ಮನೆ ಅಂಟಿಕೊಂಡು, ವಿಷ ಇಲ್ಲದಿದ್ದರೂ ಇದೆ ಎಂದು ತೋರಿಸುತ್ತದೆ. ಮೊಟ್ಟೆಯ ಹಳದಿಯಲ್ಲಿರುವ ಪ್ರತಿಕಾಯಕ್ಕೆ ಅದು ಅಂಟುವುದಿಲ್ಲ. ಅಂಥ ಪರೀಕ್ಷೆ ಇರುವ ಊರಿಗೆ ಹುಣಸೂರಿನಿಂದ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಆದರೆ ಪರೀಕ್ಷೆ ಮಾಡಲು ಪಾಯಸ ಉಳಿದಿರಬೇಕಲ್ಲ.

ನಾವು ವರದಿಗಾರರು ಮಾದರಿ ತೆಗೆಯಲಾರೆವು, ಗಂಟೆ ಕೇಳಬಹುದು. ಊಟವಾದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ, ಒಂದು ದಿನದಲ್ಲಿ ಚೇತರಿಕೆ ಎಂದರೆ ಈ ವಿಷದ ಅನುಮಾನ ಪಡಬಹುದು. ಮಾರನೇ ದಿನ ಜ್ವರ, ಭೇದಿ ಎಂದರೆ ಬೇರೆ ಬ್ಯಾಕ್ಟೀರಿಯಾ ಇರಬಹುದು. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದ ತಿಂದವರು ಸತ್ತದ್ದು ಕೀಟನಾಶಕದಿಂದ. ಮೂರಕ್ಕೂ ನಮ್ಮಲ್ಲಿರುವುದು ‘ವಿಷಾಹಾರ’ ಎಂಬ ಒಂದೇ ಪದ.

ಹೋದ ವರ್ಷ ಆ ಅಡುಗೆಯವರು ಒಂದು ಗೃಹಪ್ರವೇಶದಲ್ಲಿ ಸಿಕ್ಕರು. ಹಾಲು ಎಷ್ಟು ಹೊತ್ತಿಗೆ ಬಂದಿತ್ತು ಎಂದು ಕೇಳಿದೆ. ಬೆಳಿಗ್ಗೆ ಆರಕ್ಕೆ ಕರೆದ ಹಾಲಂತೆ, ಇವರ ಕೈಗೆ ಬಂದಾಗ ಹನ್ನೊಂದೂವರೆ. ಕ್ಯಾನು ಅಲ್ಲಿಯವರೆಗೆ ಚಪ್ಪರದ ಹೊರಗೆ ಬಿಸಿಲಲ್ಲಿತ್ತು. ‘ಅವತ್ತೇ ಕೇಳಿದ್ದರೆ ಅವತ್ತೇ ಹೇಳ್ತಿದ್ದೆ’ ಎಂದು ಹೇಳಿ ಬಡಿಸಲು ಹೋದರು.