ಹರಿದ ಸ್ನಾಯು ಕೂಡಿಕೊಳ್ಳುವ ಗುಟ್ಟು: ಒಂದು ಹುಡುಕಾಟದ ಕಥೆ

ಮೂಟೆ ಎತ್ತುವಾಗ ತೊಡೆಯ ಸ್ನಾಯು ಹರಿಯುತ್ತದೆ. ಕೆಲವು ವಾರ ಕಳೆದರೆ ಅದೇ ಕಾಲು ಮತ್ತೆ ಗದ್ದೆಗೆ ಇಳಿಯುತ್ತದೆ. ಒಳಗೆ ಈ ರಿಪೇರಿ ಮಾಡುವವರು ಯಾರು?

ಮೊದಲ ಸುಳಿವು ಸಿಕ್ಕಿದ್ದು ಕಪ್ಪೆಯಲ್ಲಿ. 1961ರಲ್ಲಿ ನ್ಯೂಯಾರ್ಕ್‌ನ ವಿಜ್ಞಾನಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸ್ನಾಯುವಿನ ಎಳೆಗೆ ಅಂಟಿಕೊಂಡು ಪುಟ್ಟ ಜೀವಕೋಶಗಳು ಮಲಗಿದ್ದವು. ಅವಕ್ಕೆ 'ಸ್ಯಾಟಲೈಟ್ ಕೋಶ' ಎಂದು ಹೆಸರಿಟ್ಟರು. ಹೊಸ ಸ್ನಾಯು ಹುಟ್ಟುವುದು ಇವುಗಳಿಂದಲೇ ಎಂದು ಮುಂದಿನ ಸಂಶೋಧನೆಗಳು ತೋರಿಸಿದವು.

ಸರಿ, ಮಲಗಿದವರನ್ನು ಎಬ್ಬಿಸುವವರು ಯಾರು?

ಕೋಶಗಳಿಗೆ 'ಬೆಳೆ' ಎಂದು ಹೇಳುವ ಪ್ರೋಟೀನ್‌ಗಳಿವೆ, ಅವೇ ಬೆಳವಣಿಗೆ ಅಂಶಗಳು. 1950ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ನರಗಳನ್ನು ಬೆಳೆಸುವ ಅಂಶವನ್ನು ಕಂಡುಹಿಡಿದಿದ್ದರು. ಈ ಬಗೆಯ ಕೆಲಸಕ್ಕೆ 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ವರ್ಷ, ಅದೇ ಊರಿನ ರಿಚರ್ಡ್ ಬಿಷಫ್ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಜಜ್ಜಿದ ಸ್ನಾಯುವಿನ ರಸ ಹಾಕಿದರೆ ಸ್ಯಾಟಲೈಟ್ ಕೋಶಗಳು ಎದ್ದು ಎರಡಾಗುತ್ತಿದ್ದವು. ಅಂದರೆ, ಪೆಟ್ಟು ತಿಂದ ಸ್ನಾಯುವೇ ನೆರವಿಗೆ ಕೂಗುತ್ತದೆ!

ಆ ಕೂಗಿನ ಹೆಸರು ಗೊತ್ತಾಗಿದ್ದು 1995ರಲ್ಲಿ. ಲಿವರ್ ಬೆಳೆಸುವುದಕ್ಕೆ ಹೆಸರಾಗಿದ್ದ 'ಎಚ್‌ಜಿಎಫ್' ಈ ಕೋಶಗಳನ್ನೂ ಎಬ್ಬಿಸುತ್ತದೆ ಎಂದು ಅಮೆರಿಕದ ರೊನಾಲ್ಡ್ ಆಲೆನ್ ತಂಡ ತೋರಿಸಿತು. ಎದ್ದ ಕೋಶಗಳ ಸಂಖ್ಯೆ ಹೆಚ್ಚಿಸಿ, ಎಳೆಗೆ ಬೆಸೆಯುವ ಕೆಲಸದಲ್ಲಿ 'ಐಜಿಎಫ್-1' ನೆರವಾಗುತ್ತದೆ.

ಗಾಡಿಗೆ ಬ್ರೇಕೂ ಬೇಕಲ್ಲ? 1997ರಲ್ಲಿ ಅಲೆಕ್ಸಾಂಡ್ರಾ ಮೆಕ್‌ಫೆರಾನ್ ಮತ್ತು ಸೆ-ಜಿನ್ ಲೀ ಅದನ್ನೂ ಹುಡುಕಿದರು. ಅದೇ ಮಯೋಸ್ಟ್ಯಾಟಿನ್. ಅದರ ಜೀನ್ ತೆಗೆದ ಇಲಿಗಳ ಸ್ನಾಯು ಎರಡು ಮೂರು ಪಟ್ಟು ಬೆಳೆಯಿತು. ಬೆಲ್ಜಿಯಂನ 'ಬೆಲ್ಜಿಯನ್ ಬ್ಲೂ' ದನಗಳು ಪೈಲ್ವಾನರಂತೆ ಕಾಣುವುದಕ್ಕೂ ಈ ಬ್ರೇಕ್ ಕೆಟ್ಟಿರುವುದೇ ಕಾರಣ. ಆದರೆ ಅದಕ್ಕೆ ಬೆಲೆ ತೆರುವುದು ಹಸು. ಕರು ದಪ್ಪವಾಗಿ, ಬಹುಪಾಲು ಹೆರಿಗೆ ಆಪರೇಷನ್ನಿನಲ್ಲೇ ಆಗಬೇಕು.

ಮಕ್ಕಳ ಸ್ನಾಯು ಸವೆಯುವ ಡುಶೆನ್ ಕಾಯಿಲೆಗೆ ಈ ಬ್ರೇಕ್ ತಡೆಯುವ ಔಷಧಿ ಬರುತ್ತದೆಂದು ಎಷ್ಟೋ ತಂದೆತಾಯಿ ಕಾದಿದ್ದರು. ಇಲಿಯಲ್ಲಿ ಗೆದ್ದದ್ದು ಮಕ್ಕಳಲ್ಲಿ ಗೆಲ್ಲಲಿಲ್ಲ. ಗುಣ ಕಾಣದೆ 2018ರಲ್ಲಿ ಫೈಜರ್ ಕಂಪನಿ ತನ್ನ ಪ್ರಯೋಗ ನಿಲ್ಲಿಸಿತು.

ಹೀಗಿರುವಾಗ, ಮೈಕಟ್ಟು ಬೆಳೆಸುತ್ತೇವೆ ಎಂದು ಯಾರಾದರೂ 'ಗ್ರೋತ್ ಫ್ಯಾಕ್ಟರ್' ಇಂಜೆಕ್ಷನ್ ಮಾರಲು ಬಂದರೆ ಡಾಕ್ಟರನ್ನು ಕೇಳದೆ ತೋಳು ಚಾಚಬೇಡಿ. ಐಜಿಎಫ್-1 ಕ್ರೀಡಾಪಟುಗಳಿಗೆ ನಿಷೇಧಿತ. ದೇಹ ಇದನ್ನು ಬೇಕಾದಾಗ, ಬೇಕಾದಷ್ಟೇ ತಾನೇ ತಯಾರಿಸಿಕೊಳ್ಳುತ್ತದೆ. ನಾವು ಕೊಡಬೇಕಾದ್ದು ಊಟ, ವಿಶ್ರಾಂತಿ ಮತ್ತು ನೋವು ಇಳಿದ ಮೇಲೆ ನಿಧಾನವಾಗಿ ಕೆಲಸ.