ಜಠರದ ರಕ್ತಸ್ರಾವ ಮತ್ತು ಹೆಪ್ಪು ಕರಗುವಿಕೆ

ಅನ್ನನಾಳ, ಜಠರ ಅಥವಾ ಸಣ್ಣ ಕರುಳಿನ ಮೊದಲ ಭಾಗದಲ್ಲಿ ರಕ್ತ ಸೋರುವ ತುರ್ತು ಸ್ಥಿತಿ. ಆಮ್ಲದಲ್ಲಿ ನೆನೆದ ರಕ್ತ ವಾಂತಿಯಾದರೆ ಕಾಫಿ ಚರಟದಂತೆ ಕಾಣುತ್ತದೆ. ಕರುಳು ದಾಟಿ ಬಂದರೆ ಮಲ ಕಪ್ಪಗೆ, ಅಂಟಂಟಾಗಿ, ವಿಪರೀತ ನಾರುತ್ತದೆ. ಕಬ್ಬಿಣಾಂಶದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ. ಆದರೆ ಅದಕ್ಕೆ ಆ ಅಂಟು, ಆ ನಾತ ಇರುವುದಿಲ್ಲ.

ಮುಖ್ಯ ಕಾರಣ ಹುಣ್ಣು. ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಒಂದು ಕಡೆ, ನೋವಿನ ಮಾತ್ರೆಗಳು ಇನ್ನೊಂದು ಕಡೆ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ನುಂಗುವ ಡೈಕ್ಲೊಫೆನಾಕ್ ಇದರಲ್ಲಿ ದೊಡ್ಡ ಪಾಲುದಾರ. ಕುಡಿತದಿಂದ ಯಕೃತ್ತು ಕೆಟ್ಟವರಲ್ಲಿ ಅನ್ನನಾಳದ ಉಬ್ಬಿದ ರಕ್ತನಾಳಗಳು ಒಡೆಯುತ್ತವೆ.

ಗಾಯದ ಮೇಲೆ ಪ್ಲೇಟ್‌ಲೆಟ್‌ಗಳು ಕೂಡಿ, ಫೈಬ್ರಿನ್ ಎಳೆಗಳು ಹೆಣೆದು ಹೆಪ್ಪು ಕಟ್ಟುತ್ತದೆ. ಪ್ಲಾಸ್ಮಿನ್ ಎಂಬ ಕಿಣ್ವ ಆ ಎಳೆಗಳನ್ನು ಕತ್ತರಿಸಿ ಹೆಪ್ಪನ್ನು ಕರಗಿಸುತ್ತದೆ. ದೇಹದಲ್ಲೆಲ್ಲ ನಡೆಯುವ ಈ ಕೆಲಸಕ್ಕೆ ಜಠರದಲ್ಲಿ ಆಮ್ಲ, ಪೆಪ್ಸಿನ್‌ಗಳ ಜೊತೆಯೂ ಸಿಗುತ್ತದೆ. ಕಟ್ಟಿದ ಹೆಪ್ಪು ಅಲ್ಲಿ ನಿಲ್ಲುವುದೇ ಕಷ್ಟ.

ಹಾಗಾದರೆ ಪ್ಲಾಸ್ಮಿನ್‌ ಕೆಲಸ ತಡೆದರೆ ಸಾಲದೆ? ಜಪಾನಿನ ಉಟಾಕೊ ಮತ್ತು ಶೋಸುಕೆ ಒಕಾಮೊಟೊ ದಂಪತಿ 1962ರಲ್ಲಿ ಪ್ರಕಟಿಸಿದ ಟ್ರಾನೆಕ್ಸಾಮಿಕ್ ಆಮ್ಲ ಅದನ್ನೇ ಮಾಡುತ್ತದೆ. ಅಪಘಾತದ ಗಾಯಾಳುಗಳಿಗೂ ಬಾಣಂತಿಯರ ರಕ್ತಸ್ರಾವಕ್ಕೂ ಬೇಗ ಕೊಟ್ಟರೆ ಅದು ಪ್ರಾಣ ಉಳಿಸಿದೆ. ಜಠರದ ವಿಷಯದಲ್ಲಿ ಲೆಕ್ಕ ತಪ್ಪಿತು. 15 ದೇಶಗಳ ಸುಮಾರು 12,000 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಹಾಲ್ಟ್-ಇಟ್ ಅಧ್ಯಯನದಲ್ಲಿ, ಐದು ದಿನಗಳೊಳಗೆ ರಕ್ತಸ್ರಾವದಿಂದ ಸತ್ತವರು ಔಷಧ ಪಡೆದವರಲ್ಲಿ ಶೇ 3.7, ಪಡೆಯದವರಲ್ಲಿ ಶೇ 3.8. ಅಭಿಧಮನಿಗಳಲ್ಲಿ ಬೇಡದ ಹೆಪ್ಪು ಕಟ್ಟಿದ್ದು ಮಾತ್ರ ಶೇ 0.4ರಿಂದ 0.8ಕ್ಕೆ ಏರಿತು. ರಕ್ತ ನಿಲ್ಲಲೆಂದು ಈ ಇಂಜೆಕ್ಷನ್ ಚುಚ್ಚಿ ರೋಗಿಯನ್ನು ಊರಿನ ಕ್ಲಿನಿಕ್ಕಿನಲ್ಲೇ ಮಲಗಿಸಿಕೊಳ್ಳುವುದಕ್ಕೆ ಇನ್ನು ಆಧಾರವಿಲ್ಲ.

ಕೆಲಸಕ್ಕೆ ಬರುವುದು ಸಲೈನ್ ಡ್ರಿಪ್, ಅಗತ್ಯವಿದ್ದಷ್ಟೇ ರಕ್ತ, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, 24 ಗಂಟೆಯೊಳಗೆ ಎಂಡೊಸ್ಕೋಪಿ. ಎಂಡೊಸ್ಕೋಪಿಯಲ್ಲೇ ಸೋರುವ ನಾಳಕ್ಕೆ ಕ್ಲಿಪ್ ಹಾಕುತ್ತಾರೆ, ಉಬ್ಬಿದ ನಾಳಕ್ಕೆ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಊರಿನವರಿಗೆ ಎಂಡೊಸ್ಕೋಪಿ ಇರುವ ಆಸ್ಪತ್ರೆಯ ದೂರವೇ ದೊಡ್ಡ ತೊಡಕು. ತಲೆಸುತ್ತು, ತಣ್ಣನೆ ಬೆವರು ಕಂಡರೆ 108ಕ್ಕೆ ಕರೆ ಮಾಡಬೇಕು. ಬಾಯಿಗೆ ಏನೂ ಕೊಡಬಾರದು. ನುಂಗುತ್ತಿದ್ದ ಮಾತ್ರೆಗಳ ಖಾಲಿ ಪಟ್ಟಿಯನ್ನು ಜೊತೆಗೆ ಒಯ್ಯಬೇಕು.